ಮುದ್ದೆಯ ಲೆಕ್ಕ, ಬೆಟ್ಟದ ಲೆಕ್ಕ

ಚಿಕ್ಕಬಳ್ಳಾಪುರದಿಂದ ಸ್ವಲ್ಪ ದೂರದಲ್ಲಿ, ನಂದಿಬೆಟ್ಟದ ನೆರೆಯಲ್ಲಿ ನಿಂತಿರುವ ಸ್ಕಂದಗಿರಿಯನ್ನು ಕೇಳುಗರಲ್ಲಿ ಹಲವರು ಕಂಡಿರಬಹುದು; ಕೆಲವರು ಹತ್ತಿಯೂ ಇರಬಹುದು. ಹಳಬರ ಬಾಯಲ್ಲಿ ಅದು ಕಳವಾರ ಬೆಟ್ಟ, ಕಳವಾರ ದುರ್ಗ. ಬುಡದಲ್ಲಿ ಪಾಪಾಗ್ನಿ ಮಠ, ನೆತ್ತಿಯ ಮೇಲೆ ಪಾಳುಬಿದ್ದ ಕೋಟೆಯ ಗೋಡೆ, ನಡುವೆ ಕಲ್ಲು ಮುಳ್ಳಿನ ದಾರಿ. ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ತರುಣ ತರುಣಿಯರು ಇಲ್ಲಿಗೆ ಹಿಂಡುಹಿಂಡಾಗಿ ಬರುತ್ತಾರೆ. ಮೋಡದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಬೇಕೆಂಬುದು ಒಂದು ಆಸೆ. ಮೈಯ ಕೊಬ್ಬು ಕರಗಬೇಕೆಂಬುದು ಇನ್ನೊಂದು. ಎರಡನೆಯ ಆಸೆಯನ್ನು ಅವರು ಬಾಯಿಬಿಟ್ಟು ಹೇಳದಿದ್ದರೂ ಮುಂಗೈಗೆ ಕಟ್ಟಿಕೊಂಡ ಗಡಿಯಾರದಂಥ ಯಂತ್ರವನ್ನು ಮತ್ತೆ ಮತ್ತೆ ನೋಡಿಕೊಳ್ಳುವುದರಿಂದಲೇ ತಿಳಿಯುತ್ತದೆ. ಎಷ್ಟು ಕ್ಯಾಲೊರಿ ಖರ್ಚಾಯಿತು? ದಿನಕ್ಕೆ ಎಷ್ಟು ತಿಂದರೆ ಮೈ ಇಳಿದೀತು? ಬೆಟ್ಟ ಹತ್ತುವಾಗ ನನ್ನ ಹಿಂದೆ ಬರುತ್ತಿದ್ದ ಇಬ್ಬರು ಇದನ್ನೇ ಚರ್ಚಿಸುತ್ತಿದ್ದರು. ಅವರ ಮಾತು ಕಿವಿಗೆ ಬಿದ್ದದ್ದೇ ಈ ಭಾಷಣಕ್ಕೆ ಕಾರಣ.

ಈ ಪ್ರಶ್ನೆ ಇಂದಿನದೆಂದು ನಾವು ತಿಳಿಯುತ್ತೇವೆ. ಆದರೆ ಮನುಷ್ಯನೊಬ್ಬನಿಗೆ ದಿನಕ್ಕೆ ಇಷ್ಟು ಆಹಾರ ಸಾಕು ಎಂದು ಅಂಕಿಯಲ್ಲಿ ಹೇಳುವ ಯತ್ನಕ್ಕೆ ಒಂದು ದೀರ್ಘವಾದ ಚರಿತ್ರೆಯಿದೆ, ಮತ್ತು ಅದರ ಒಂದು ಅಧ್ಯಾಯ ಒಂದು ಬೆಟ್ಟದ ಮೇಲೆಯೇ ನಡೆಯಿತು.

1865ನೆಯ ಆಗಸ್ಟಿನ ಕೊನೆಯಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಎಂಬ ಇಬ್ಬರು ಪ್ರಾಧ್ಯಾಪಕರು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಎಂಬ ಶಿಖರವನ್ನು ಹತ್ತಿದರು. ಮಾಂಸಖಂಡ ಕೆಲಸ ಮಾಡುವಾಗ ತನ್ನನ್ನೇ ಸುಟ್ಟುಕೊಳ್ಳುತ್ತದೆ, ಆದ್ದರಿಂದ ದುಡಿಯುವವನಿಗೆ ಪ್ರೋಟೀನೇ ಇಂಧನ ಎಂಬುದು ಆ ಕಾಲದ ಮಹಾರಸಾಯನಜ್ಞನಾದ ಲೀಬಿಗನ ಮತ. ಇದನ್ನು ಪರೀಕ್ಷಿಸಲು ಇವರಿಬ್ಬರೂ ಪ್ರೋಟೀನಿಲ್ಲದ ಆಹಾರವನ್ನು, ಎಂದರೆ ಪಿಷ್ಟದ ಬಿಲ್ಲೆ, ಕೊಬ್ಬು, ಸಕ್ಕರೆ ಹಾಕಿದ ಚಹಾ ಇಷ್ಟನ್ನೇ ತೆಗೆದುಕೊಂಡು 1,956 ಮೀಟರ್ ಮೇಲೇರಿದರು. ದಾರಿಯುದ್ದಕ್ಕೂ ತಮ್ಮ ಮೂತ್ರವನ್ನು ಸಂಗ್ರಹಿಸಿ ಅದರಲ್ಲಿನ ಸಾರಜನಕವನ್ನು ಅಳೆದರು. ಫಿಕ್‌ನ ತೂಕ 66 ಕಿಲೊ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಸಾಗಿಸುವ ಕೆಲಸವೇ ನಮ್ಮ ಈಗಿನ ಲೆಕ್ಕದಲ್ಲಿ 300 ಕ್ಯಾಲೊರಿ. ಆದರೆ ಅವನ ದೇಹದಲ್ಲಿ ವ್ಯಯವಾದ ಪ್ರೋಟೀನು ಸುಮಾರು 37 ಗ್ರಾಂ ಮಾತ್ರ. ಅದು ಕಿಂಚಿತ್ತೂ ವ್ಯರ್ಥವಾಗದೆ ಪೂರ್ತಿ ಕೆಲಸವಾಗಿ ಮಾರ್ಪಟ್ಟಿತೆಂದರೂ ಅರ್ಧ ಬೆಟ್ಟಕ್ಕಿಂತ ಮೇಲೆ ಹೋಗುವಂತಿರಲಿಲ್ಲ. ಉಳಿದರ್ಧವನ್ನು ಹತ್ತಿಸಿದ್ದು ಪಿಷ್ಟ ಮತ್ತು ಕೊಬ್ಬು. ಮರುವರ್ಷ ಫ್ರಾಂಕ್‌ಲೆಂಡ್ ಎಂಬ ಆಂಗ್ಲ ವಿಜ್ಞಾನಿ ನಾನಾ ಆಹಾರಗಳನ್ನು ಪಾತ್ರೆಯೊಳಗೆ ಸುಟ್ಟು, ಒಂದೊಂದೂ ಎಷ್ಟು ಶಾಖ ಕೊಡುತ್ತದೆಂದು ಅಳೆದು ಈ ತೀರ್ಮಾನವನ್ನು ಗಟ್ಟಿಮಾಡಿದ.

ಉಸಿರಾಟವೂ ಒಂದು ಬಗೆಯ ಮಂದವಾದ ಉರಿಯೇ ಎಂಬುದನ್ನು 1780ರ ದಶಕದಲ್ಲಿಯೇ ಲವಾಸಿಯೆ ತೋರಿಸಿದ್ದ. ಗಿನಿ ಇಲಿಯೊಂದನ್ನು ಮಂಜುಗಡ್ಡೆಯ ನಡುವೆ ಕೂರಿಸಿ, ಅದರ ಮೈಬಿಸಿಗೆ ಎಷ್ಟು ಮಂಜು ಕರಗಿತೆಂದು ತೂಗಿದ್ದ. ಮುಂದೆ ಅಮೆರಿಕದ ಆಟ್‌ವಾಟರ್ 1890ರ ದಶಕದಲ್ಲಿ ಮನುಷ್ಯನೊಬ್ಬ ದಿನಗಟ್ಟಲೆ ವಾಸಮಾಡಬಹುದಾದ ಕೋಣೆಯನ್ನೇ ಶಾಖಮಾಪಕವನ್ನಾಗಿ ಮಾಡಿ, ಒಳಗೆ ಹೋದ ಅನ್ನಕ್ಕೂ ಹೊರಗೆ ಬಂದ ಶಾಖಕ್ಕೂ ತಾಳೆ ನೋಡಿದ. ಪ್ರೋಟೀನಿಗೆ ಗ್ರಾಮಿಗೆ ನಾಲ್ಕು, ಪಿಷ್ಟಕ್ಕೆ ನಾಲ್ಕು, ಕೊಬ್ಬಿಗೆ ಒಂಬತ್ತು ಎಂದು ಇಂದು ಬಿಸ್ಕತ್ತಿನ ಪೊಟ್ಟಣದ ಹಿಂದೆ ಮುದ್ರಿಸುವ ಅಂಕಿಗಳ ಮೂಲ ಆತನ ಸಂಶೋಧನೆ.

ಯೂರೋಪಿನಲ್ಲಿ ಈ ಲೆಕ್ಕ ಪ್ರಯೋಗಶಾಲೆಯ ಕುತೂಹಲವಾಗಿದ್ದ ಕಾಲಕ್ಕೆ ನಮ್ಮಲ್ಲಿ ಅದು ಜೀವನ್ಮರಣದ ಪ್ರಶ್ನೆಯಾಗಿತ್ತು. ಧಾತು ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಕೋಲಾರ ಸೀಮೆಯ ಹಳೆಯ ತಲೆಗಳು ತಮ್ಮ ಅಜ್ಜಂದಿರ ಬಾಯಿಂದ ಕೇಳಿದ್ದರು. ಚಿಕ್ಕಬಳ್ಳಾಪುರ 2007ರವರೆಗೂ ಕೋಲಾರ ಜಿಲ್ಲೆಗೆ ಸೇರಿದ್ದೆಂಬುದನ್ನು ಇಲ್ಲಿ ನೆನೆಯಬೇಕು. 1876ರಿಂದ 78ರವರೆಗಿನ ಆ ಕ್ಷಾಮದಲ್ಲಿ ಕೆರೆ ಬತ್ತಿತು, ರಾಗಿ ಒಣಗಿತು, ಜನ ಊರು ಬಿಟ್ಟು ಬೆಂಗಳೂರಿನ ದಾರಿ ಹಿಡಿದರು. ಎಷ್ಟೋ ಮಂದಿ ದಾರಿಯಲ್ಲೇ ಉಳಿದರು. ಮೈಸೂರು ಸೀಮೆಯಲ್ಲಿ 1871ರ ಜನಗಣತಿಯ ವೇಳೆಗೆ 50 ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕಡಮೆಯಾಯಿತು. ಅಂಕಿಗಳಲ್ಲಿ ಇದಕ್ಕಿಂತ ದೊಡ್ಡ ಶೋಕಗೀತೆ ಬೇರೆ ಬೇಕಿಲ್ಲ.

ಸರ್ಕಾರ ಕಾಮಗಾರಿಗಳನ್ನು ತೆರೆಯಿತು. ರಸ್ತೆ, ಕೆರೆ ಏರಿ, ಬೆಂಗಳೂರು–ಮೈಸೂರು ರೈಲುದಾರಿ, ಕಲ್ಲು ಒಡೆಯುವ ಕೆಲಸ. ದುಡಿದವನಿಗೆ ಕೂಲಿ. ಕೂಲಿಯೆಷ್ಟು? ಇಲ್ಲಿ ರಂಗಕ್ಕೆ ಬಂದವನು ಸರ್ ರಿಚರ್ಡ್ ಟೆಂಪಲ್. ಮೂರು ವರ್ಷಗಳ ಹಿಂದೆ ಬಂಗಾಳ–ಬಿಹಾರದ ಬರದಲ್ಲಿ ಈತನೇ ಅಕ್ಕಿಯನ್ನು ಧಾರಾಳವಾಗಿ ತರಿಸಿ ಜನರನ್ನು ಉಳಿಸಿದ್ದ. ಉಳಿಸಿದ್ದಕ್ಕೆ ಮೇಲಿನವರಿಂದ ದುಂದುಗಾರನೆಂಬ ಬೈಗುಳ ಕೇಳಿದ್ದ. ಆ ಕಳಂಕವನ್ನು ತೊಳೆದುಕೊಳ್ಳುವ ಅವಸರವೋ ಏನೋ, ವೈಸ್‌ರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದವನು 1877ರ ಜನವರಿಯಲ್ಲಿ, ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅರ್ಧ ಆಣೆ ಸಾಕೆಂದು ಸೂಚಿಸಿದ. ಅದಕ್ಕೆ ಮೊದಲು ಒಂದೂವರೆ ಪೌಂಡಿನ ಲೆಕ್ಕವಿತ್ತು. ಸಾಲುವುದೋ ಇಲ್ಲವೋ ಪ್ರಯೋಗ ಮಾಡಿ ನೋಡೋಣ ಎಂಬುದು ಆತನ ನಿಲುವು. ಪ್ರಯೋಗಕ್ಕೆ ಒಳಗಾದವರು ಲಕ್ಷಾಂತರ ಕೂಲಿಗಳು.

ಇದನ್ನು ಎದುರಿಸಿದವನೂ ಒಬ್ಬ ಇಂಗ್ಲಿಷ್ ಅಧಿಕಾರಿಯೇ, ಮದ್ರಾಸಿನ ನೈರ್ಮಲ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್. ಈತ 1863ರಲ್ಲಿಯೇ ಮದ್ರಾಸು ಪ್ರಾಂತದ ಜನ ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂಬ ಬಗ್ಗೆ ವರದಿಗಳನ್ನು ಕೂಡಿಸಿದ್ದ. ಒಂದು ಪೌಂಡು ಧಾನ್ಯ ದುಡಿಯುವವನ ಆಹಾರವಲ್ಲ, ಒಂದೂವರೆ ಪೌಂಡೂ ಅದರ ಜೊತೆಗೆ ಬೇಳೆ ತರಕಾರಿಯೂ ಬೇಕು ಎಂದು ಪಟ್ಟುಹಿಡಿದ. ಕ್ಯಾಲೊರಿಯೆಂಬ ಮಾತು ಆ ವಾದದಲ್ಲಿ ಎಲ್ಲಿಯೂ ಬರಲಿಲ್ಲ. ಆದರೆ ಇಂದು ನಾವು ಲೆಕ್ಕಹಾಕಿ ನೋಡಬಹುದು. ಒಂದು ಪೌಂಡು ಅಕ್ಕಿ ಎಂದರೆ 454 ಗ್ರಾಂ. ಅದರಲ್ಲಿ ಸುಮಾರು 1,560 ಕ್ಯಾಲೊರಿ. 50 ಕಿಲೊ ತೂಗುವ ಬಡಕಲು ಗಂಡಸು ಚಾಪೆಯ ಮೇಲೆ ಅಲ್ಲಾಡದೆ ದಿನವಿಡೀ ಮಲಗಿದ್ದರೂ ಉಸಿರು, ಎದೆಬಡಿತ, ಮೈಬಿಸಿ ಇಷ್ಟಕ್ಕೇ ಹತ್ತಿರ ಹತ್ತಿರ 1,350 ಬೇಕು. ಉಳಿದ ಇನ್ನೂರರಲ್ಲಿ ಅವನು ಎದ್ದು, ಕಾಮಗಾರಿಯವರೆಗೆ ನಡೆದು, ಕಲ್ಲು ಒಡೆದು, ಮತ್ತೆ ನಡೆದು ಬರಬೇಕು. ಅರ್ಧ ಆಣೆಯಿಂದ ಉಪ್ಪು ಸೌದೆ ಕೊಂಡ ಮೇಲೆ ಬರದ ಬೆಲೆಯಲ್ಲಿ ಎಷ್ಟು ಬೇಳೆ ಬಂದೀತು? ಕೊರತೆಯನ್ನು ಅವನು ತನ್ನ ಮೈಯಿಂದಲೇ ತುಂಬಬೇಕಾಗಿತ್ತು, ಆ ಮೈಯಲ್ಲಿ ತುಂಬಿಕೊಡುವಂಥದ್ದು ಏನೂ ಇರಲಿಲ್ಲ. ಕೆಲವು ತಿಂಗಳಲ್ಲಿಯೇ ಮದ್ರಾಸು ಸರ್ಕಾರ ಕಾರ್ನಿಷ್‌ನ ಮಾತಿಗೆ ತಲೆಬಾಗಿ ಪಡಿಯನ್ನು ಏರಿಸಿತು. ಈ ವಾಗ್ವಾದವನ್ನೆಲ್ಲ ಮದ್ರಾಸಿನ ಪತ್ರಕರ್ತ ವಿಲಿಯಂ ಡಿಗ್ಬಿ 1878ರ ತನ್ನ ಎರಡು ಸಂಪುಟಗಳಲ್ಲಿ ದಾಖಲಿಸಿಟ್ಟಿದ್ದಾನೆ. ಸ್ಕಂದಗಿರಿಯ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಆ ಬರದ ಕಾಲಕ್ಕೆ ಹದಿನೈದು ಹದಿನಾರರ ಹುಡುಗ.

ಅತಿ ಕಡಮೆ ಎಷ್ಟು ಕೊಟ್ಟರೆ ಮನುಷ್ಯ ಸಾಯುವುದಿಲ್ಲ ಎಂದು ಕೇಳಿದ ಅದೇ ಲೆಕ್ಕ, ಎಷ್ಟು ತಿನ್ನದಿದ್ದರೆ ಮನುಷ್ಯ ತೆಳ್ಳಗಾದಾನು ಎಂದು ಕೇಳಲು ತೊಡಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1918ರಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ಅಮೆರಿಕದ ವೈದ್ಯೆ, ರೊಟ್ಟಿಯನ್ನು ತುಂಡುಗಳಲ್ಲಿ ಎಣಿಸದೆ ಕ್ಯಾಲೊರಿಗಳಲ್ಲಿ ಎಣಿಸಲು ಗೃಹಿಣಿಯರಿಗೆ ಕಲಿಸುವ ಪುಸ್ತಕ ಬರೆದಳು. ಅದು ಬಿಸಿಬಿಸಿಯಾಗಿ ಮಾರಾಟವಾಯಿತು. ಮರುವರ್ಷವೇ ಹ್ಯಾರಿಸ್ ಮತ್ತು ಬೆನೆಡಿಕ್ಟ್ ಎಂಬಿಬ್ಬರು ತೂಕ, ಎತ್ತರ, ವಯಸ್ಸು ಕೊಟ್ಟರೆ ಮನುಷ್ಯ ಸುಮ್ಮನೆ ಮಲಗಿರುವಾಗಿನ ಶಕ್ತಿವ್ಯಯವನ್ನು ಹೇಳುವ ಸೂತ್ರವನ್ನು ಪ್ರಕಟಿಸಿದರು. ಇದಕ್ಕೆ ಮೂಲ ಚಯಾಪಚಯವೆಂದು ಹೆಸರು. ಬೆನೆಡಿಕ್ಟ್ ವಿಚಿತ್ರ ಮನುಷ್ಯ. ಮುಂದೆ ಒಂದು ಆನೆಯ ಉಸಿರನ್ನೂ ಅಳೆದು ಅದರ ಮೇಲೆ ಗ್ರಂಥ ಬರೆದ.

ಈ ಬೆನೆಡಿಕ್ಟನ ಕೈ ನಮ್ಮ ದಕ್ಷಿಣಕ್ಕೂ ಚಾಚಿತು. ಮದ್ರಾಸಿನ ಮಹಿಳಾ ಕ್ರಿಶ್ಚಿಯನ್ ಕಾಲೇಜಿನಲ್ಲಿದ್ದ ಎಲಿನಾರ್ ಮೇಸನ್ ಅವರು ಆತನೊಡನೆ ಸೇರಿ ದಕ್ಷಿಣ ಭಾರತದ ಹೆಣ್ಣುಮಕ್ಕಳ ಮೂಲ ಚಯಾಪಚಯವನ್ನು ಅಳೆದು 1931ರಲ್ಲಿ ಫಲಿತಾಂಶ ಹೊರತಂದರು. ಅಮೆರಿಕದವರನ್ನು ಅಳೆದು ಮಾಡಿದ ಸೂತ್ರ ಇಲ್ಲಿನವರಿಗೆ ಹೊಂದಲಿಲ್ಲ. ನಮ್ಮವರ ವ್ಯಯ ಗಣನೀಯವಾಗಿ ಕಡಮೆ. ಏಕೆ? ಸೆಕೆಯೇ, ಜಾತಿಗುಣವೇ, ಅನ್ನವೇ? ಈ ಪ್ರಶ್ನೆ ಅರ್ಧ ಶತಮಾನ ಹಾಗೆಯೇ ನಿಂತಿತು.

ಆಹಾರದ ಕಡೆಯ ಲೆಕ್ಕವನ್ನು ನೀಲಗಿರಿಯ ಕೂನೂರಿನ ಪ್ರಯೋಗಾಲಯ ನೋಡಿಕೊಂಡಿತು. ಅಲ್ಲಿ ಮ್ಯಾಕ್‌ಕ್ಯಾರಿಸನ್ ಭಾರತದ ನಾನಾ ಪ್ರಾಂತಗಳ ಊಟವನ್ನು ಇಲಿಗಳಿಗೆ ಉಣಿಸಿ, ಯಾವ ಇಲಿ ಎಷ್ಟು ಬೆಳೆಯಿತೆಂದು ನೋಡಿದ. ಮದ್ರಾಸಿನ ಅಕ್ಕಿಯೂಟದ ಇಲಿ ತೀರ ಹಿಂದೆ ಬಿತ್ತು. ಅವನ ನಂತರ ಬಂದ ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು ಒಂದು ಸಣ್ಣ ಸರ್ಕಾರಿ ಪುಸ್ತಿಕೆಯಾಗಿ ಹೊರಡಿಸಿದ. ಈ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಯಿತು, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು 1971ರಲ್ಲಿ ಆ ಪಟ್ಟಿಯನ್ನು ಹಿಗ್ಗಿಸಿ ಹೊಸದಾಗಿ ಬರೆದರು. ನಮ್ಮ ರಾಗಿಗೆ ನೂರು ಗ್ರಾಮಿಗೆ 328 ಎಂಬ ಅಂಕಿ ಆ ಪುಸ್ತಕದ್ದು.

ಆಮೇಲೆ ಈ ಲೆಕ್ಕ ರಾಜಕಾರಣಕ್ಕೂ ಇಳಿಯಿತು. 1971ರಲ್ಲಿ ದಾಂಡೇಕರ್ ಮತ್ತು ರಥ್ ಅವರು ಬಡವನೆಂದರೆ ಯಾರು ಎಂಬುದಕ್ಕೆ 2,250 ಕ್ಯಾಲೊರಿಯ ಗೆರೆ ಎಳೆದರು. 1979ರಲ್ಲಿ ಯೋಜನಾ ಆಯೋಗದ ತಂಡ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಎಂದಿತು. ಸಂಖ್ಯಾಶಾಸ್ತ್ರಜ್ಞ ಸುಖಾತ್ಮೆಯವರು ಇದನ್ನು ಒಪ್ಪಲಿಲ್ಲ. ಒಬ್ಬನೇ ಮನುಷ್ಯನ ಅಗತ್ಯವೂ ದಿನದಿಂದ ದಿನಕ್ಕೆ ಹೆಚ್ಚು ಕಡಮೆಯಾಗುತ್ತದೆ, ದೇಹ ಒಂದು ಮಿತಿಯವರೆಗೆ ಹೊಂದಿಕೊಳ್ಳುತ್ತದೆ, ಸರಾಸರಿಗಿಂತ ಕಡಮೆ ತಿಂದವರನ್ನೆಲ್ಲ ಹಸಿದವರೆಂದು ಎಣಿಸಬಾರದು ಎಂಬುದು ಅವರ ವಾದ. ದಾಂಡೇಕರರು ಸಿಟ್ಟಿನಿಂದಲೇ ಉತ್ತರ ಬರೆದರು. ಸುಖಾತ್ಮೆಯವರ ವಿಜ್ಞಾನದಲ್ಲಿ ಹುರುಳಿತ್ತೆಂದೇ ನನ್ನ ಭಾವನೆ. ಆದರೆ ಹೊಂದಿಕೊಳ್ಳುತ್ತದೆ ಎಂಬ ಮಾತು ಟೆಂಪಲ್ಲನ ಬಾಯಿಗೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದಾಗ ದಾಂಡೇಕರರ ಸಿಟ್ಟೂ ಅರ್ಥವಾಗುತ್ತದೆ.

ದೇಹ ಹೇಗೆ ಹೊಂದಿಕೊಳ್ಳುತ್ತದೆಂಬುದನ್ನು ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಕಣ್ಣಾರೆ ಕಂಡಿದ್ದ. ಎರಡನೆಯ ಮಹಾಯುದ್ಧದ ಕೊನೆಗೆ, 1945ರಲ್ಲಿ, ತಾವಾಗಿಯೇ ಮುಂದೆ ಬಂದ 36 ಮಂದಿ ತರುಣರನ್ನು ಆತ 24 ವಾರ ಅರೆಹೊಟ್ಟೆಯಲ್ಲಿರಿಸಿದ. ಅವರ ತೂಕ ನಾಲ್ಕನೆಯ ಒಂದು ಪಾಲು ಇಳಿಯಿತು. ಮೂಲ ಚಯಾಪಚಯ ಅದಕ್ಕಿಂತಲೂ ಹೆಚ್ಚಾಗಿ, ನೂರಕ್ಕೆ ಸುಮಾರು ನಲವತ್ತರಷ್ಟು ಕುಸಿಯಿತು. ಕನಸಿನಲ್ಲೂ ಅನ್ನ, ಮಾತಿನಲ್ಲೂ ಅನ್ನ, ಮೆಟ್ಟಲು ಹತ್ತಲಾರದ ನಿಶ್ಶಕ್ತಿ. ಬೇಗ ತೆಳ್ಳಗಾಗಲು ಹೊರಟವರು ಈ ಪ್ರಯೋಗದ ಕಥೆಯನ್ನು ಒಮ್ಮೆ ಓದುವುದು ಒಳ್ಳೆಯದು.

ಮೇಸನ್ ಅವರ ಹಳೆಯ ಪ್ರಶ್ನೆಗೆ ಉತ್ತರ ದೊರೆತದ್ದು ನಮ್ಮ ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೊ ಸೋರೆಸ್, ಅನುರಾ ಕುರ್ಪಾಡ್ ಮೊದಲಾದವರು 1980ರ ದಶಕದಿಂದ ಈ ವಿಷಯವನ್ನು ಬಿಡದೆ ಅಗೆದರು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 1985ರಲ್ಲಿ ಜಗತ್ತಿಗೆಲ್ಲ ಅನ್ವಯವೆಂದು ಕೊಟ್ಟ ಸೂತ್ರಗಳ ಹಿಂದಿದ್ದ ಅಳತೆಗಳಲ್ಲಿ ಹತ್ತಿರ ಹತ್ತಿರ ಅರ್ಧ ಇಟಲಿಯವರದು; ಅದರಿಂದ ನಮ್ಮವರನ್ನು ಅಳೆದರೆ ಅಂಕಿ ಹೆಚ್ಚಾಗಿ ಬರುತ್ತಿತ್ತು. ಆದ್ದರಿಂದ ನಮ್ಮ ದೇಶದ ತಜ್ಞರು ಅದರಲ್ಲಿ ನೂರಕ್ಕೆ ಐದನ್ನು ಕಳೆದು ಬಳಸಿದರು. ಆದರೆ ಬೆಂಗಳೂರಿನ ವಿಜ್ಞಾನಿಗಳು ಕಂಡುಕೊಂಡ ಮುಖ್ಯ ಸಂಗತಿ ಬೇರೆ. ದೇಹದ ಕೊಬ್ಬನ್ನು ಬಿಟ್ಟು ಉಳಿದ ಭಾಗಕ್ಕೆ ಹೋಲಿಸಿ ನೋಡಿದಾಗ ಭಾರತೀಯನಿಗೂ ಬಿಳಿಯನಿಗೂ ಭೇದವೇ ಕಾಣಲಿಲ್ಲ. 1998ರಲ್ಲಿ ಸೋರೆಸ್ ಮತ್ತು ಸಂಗಡಿಗರು ಭಾರತ, ಆಸ್ಟ್ರೇಲಿಯ ಎರಡೂ ಕಡೆಯ ಅಳತೆಗಳನ್ನು ಎದುರುಬದುರಿಟ್ಟು ಇದನ್ನು ಹೇಳಿದರು. ಜನಾಂಗದ ಗುಣವೂ ಅಲ್ಲ, ಹಣೆಬರಹವೂ ಅಲ್ಲ. ಅದೇ ತೂಕದ ಮೈಯಲ್ಲಿ ನಮ್ಮವರಿಗೆ ಮಾಂಸಖಂಡ ಕಡಮೆ, ಕೊಬ್ಬು ಹೆಚ್ಚು.

ಈ ಮಾತನ್ನು ಕೇಳಿದಾಗ ನನಗೆ ಕೋಲಾರ ಸೀಮೆಯವರೇ ಆದ ಕೆ.ವಿ. ಅಯ್ಯರ್ ಅವರ ನೆನಪಾಗುತ್ತದೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು, ಕೈಲಾಸಂ ಅವರ ಸ್ನೇಹಿತರೆಂದು ಸಾಹಿತ್ಯಪ್ರಿಯರು ಅವರನ್ನು ಬಲ್ಲರು. ಆದರೆ ಅವರ ಕಾಲದಲ್ಲಿ ಅವರ ಖ್ಯಾತಿ ಬೆಂಗಳೂರಿನ ವ್ಯಾಯಾಮಶಾಲೆಯಿಂದ. ಗರಡಿಯ ಸಾಮು, ಸೂರ್ಯನಮಸ್ಕಾರ, ಪಶ್ಚಿಮದಿಂದ ಬಂದ ಭಾರದ ಗುಂಡು ಇವೆಲ್ಲವನ್ನೂ ಹದವಾಗಿ ಬೆರೆಸಿ ಅವರು ಶಿಷ್ಯರನ್ನು ತಿದ್ದಿದರು. ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಅಂಚೆಯ ಮೂಲಕವೂ ಪಾಠ ಹೇಳಿದರು. ತರಕಾರಿಯೂಟದ ಮನುಷ್ಯನ ಮೈಕಟ್ಟನ್ನು ಅವರ ಭಾವಚಿತ್ರಗಳಲ್ಲಿ ಇಂದಿಗೂ ನೋಡಬಹುದು. ಕೊಬ್ಬಿನ ಜಾಗದಲ್ಲಿ ಮಾಂಸಖಂಡ ಕಟ್ಟಬೇಕೆಂಬುದನ್ನು ಅವರು ಅಳತೆಪಟ್ಟಿ ಹಿಡಿದು ಕಂಡುಕೊಂಡರು. ಕಾರಣವನ್ನು ಮುಂದಿನ ತಲೆಮಾರಿನ ವೈದ್ಯರು ಉಸಿರಿನ ಅಳತೆಯಿಂದ ತಿಳಿಸಿದರು.

ಇನ್ನು ಆ ಇಬ್ಬರು ತರುಣರ ಪ್ರಶ್ನೆಗೆ ಬರೋಣ. ಅವರಲ್ಲೊಬ್ಬ 78 ಕಿಲೊ, 165 ಸೆಂಟಿಮೀಟರ್, 45 ವರ್ಷದವನೆಂದು ಇಟ್ಟುಕೊಳ್ಳಿ. ಅಷ್ಟು ವಯಸ್ಸಾದವನನ್ನು ತರುಣನೆಂದದ್ದು ನನ್ನ ವಯಸ್ಸಿನ ತಪ್ಪು. ಹ್ಯಾರಿಸ್–ಬೆನೆಡಿಕ್ಟರ ಹಳೆಯ ಸೂತ್ರ ಅವನ ಮೂಲ ಚಯಾಪಚಯ 1,660 ಎನ್ನುತ್ತದೆ. 1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಸರಳವಾದದ್ದು. ತೂಕವನ್ನು ಹತ್ತರಿಂದಲೂ ಎತ್ತರವನ್ನು ಆರೂಕಾಲರಿಂದಲೂ ಗುಣಿಸಿ ಕೂಡಿ, ವಯಸ್ಸಿನ ಐದರಷ್ಟನ್ನು ಕಳೆದು, ಗಂಡಸಾದರೆ ಐದನ್ನು ಸೇರಿಸಬೇಕು, ಹೆಂಗಸಾದರೆ 161ನ್ನು ಕಳೆಯಬೇಕು. ಅದರಂತೆ 1,591. ಕುರ್ಚಿಯ ಕೆಲಸದವನಾದರೆ ಇದಕ್ಕೆ ಮೂಲದ ಐದನೆಯ ಎರಡು ಪಾಲು ಸೇರಿಸಿದರೆ ದಿನದ ಒಟ್ಟು ವ್ಯಯ 2,200ರ ಆಸುಪಾಸು. ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಪಟ್ಟಿಯೂ 65 ಕಿಲೊದ ಕೂತು ಕೆಲಸಮಾಡುವ ಗಂಡಸಿಗೆ 2,110, 55 ಕಿಲೊದ ಹೆಂಗಸಿಗೆ 1,660 ಎನ್ನುತ್ತದೆ. ಮೈಮುರಿದು ದುಡಿಯುವ ಗಂಡಸಿಗಾದರೆ 3,470. ಈ ಕೊನೆಯ ಅಂಕಿಯನ್ನು ಟೆಂಪಲ್ಲನ 1,560ರ ಪಕ್ಕದಲ್ಲಿ ಒಮ್ಮೆ ಇಟ್ಟು ನೋಡಬೇಕು.

2,200ರಲ್ಲಿ 500 ಕಡಮೆ ತಿಂದರೆ ವಾರಕ್ಕೆ 3,500 ಉಳಿಯುತ್ತದೆ. ಒಂದು ಕಿಲೊ ಮೈಕೊಬ್ಬಿಗೆ 7,700 ಎಂಬುದು ವಿಶ್ನಾಫ್‌ಸ್ಕಿ ಎಂಬ ವೈದ್ಯನ 1958ರ ಲೆಕ್ಕ. ಆದ್ದರಿಂದ ವಾರಕ್ಕೆ ಅರ್ಧ ಕಿಲೊಗಿಂತ ತುಸು ಕಡಮೆ. ಮೊದಲ ವಾರಗಳಲ್ಲಿ ಹೆಚ್ಚು ಕಡಮೆ ಹೀಗೆಯೇ ನಡೆಯುತ್ತದೆ. ಆಮೇಲೆ ತಕ್ಕಡಿಯ ಮುಳ್ಳು ಮುಷ್ಕರ ಹೂಡುತ್ತದೆ. ಮೈ ಹಗುರವಾದಷ್ಟೂ ಅದನ್ನು ಹೊರುವ ಖರ್ಚೂ ಕಡಮೆ, ಕೀಸ್ ಕಂಡಂತೆ ಒಳಗಿನ ಉರಿಯೂ ಸಣ್ಣಗಾಗುತ್ತದೆ. ಈ ಗೆರೆ ನೇರವಾಗಿ ಇಳಿಯುವುದಿಲ್ಲವೆಂದು ಅಮೆರಿಕದ ಕೆವಿನ್ ಹಾಲ್ ಮೊದಲಾದವರು 2011ರಲ್ಲಿ ಗಣಿತದಿಂದ ತೋರಿಸಿದರು. ಆಗ ಇನ್ನೂ ಐನೂರು ಕತ್ತರಿಸುವುದು ಮೂರ್ಖತನ. ಬೇಳೆ, ಮೊಸರು, ಮೊಟ್ಟೆ, ಅವರೆಕಾಳುಗಳಿಂದ ಪ್ರೋಟೀನನ್ನು ಕಾಪಾಡಿಕೊಂಡು, ಅಯ್ಯರ್ ಅವರ ದಾರಿಯಲ್ಲಿ ಒಂದಷ್ಟು ಭಾರ ಎತ್ತಿದರೆ ಇಳಿಯುವುದು ಕೊಬ್ಬು, ಉಳಿಯುವುದು ಮಾಂಸಖಂಡ. ಬರಿಯ ಉಪವಾಸದಲ್ಲಿ ಎರಡೂ ಇಳಿಯುತ್ತವೆ. ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಸಕ್ಕರೆ ರೋಗಕ್ಕೆ ಮದ್ದು ತೆಗೆದುಕೊಳ್ಳುವವರು ಈ ಲೆಕ್ಕವನ್ನು ವೈದ್ಯರಿಗೆ ಬಿಡುವುದು ಕ್ಷೇಮ.

ಮತ್ತೆ ಬೆಟ್ಟ? ಸ್ಕಂದಗಿರಿಯ ಬುಡದಿಂದ ತುದಿಗೆ 500 ಮೀಟರ್ ಏರಿಕೆ ಎಂದಿಟ್ಟುಕೊಂಡರೆ, 78 ಕಿಲೊದ ದೇಹವನ್ನು ಮೇಲಕ್ಕೆ ಸಾಗಿಸುವ ಕೆಲಸ 91 ಕ್ಯಾಲೊರಿ. ಮಾಂಸಖಂಡ ತಾನು ಉರಿಸಿದ್ದರಲ್ಲಿ ಕಾಲುಭಾಗವನ್ನು ಮಾತ್ರ ಕೆಲಸವಾಗಿಸಬಲ್ಲುದು, ಉಳಿದದ್ದು ಬೆವರಿನ ಬಿಸಿ. ಆದ್ದರಿಂದ ಏರಿಕೆಯ ಖರ್ಚು ಸುಮಾರು 365. ನೂರು ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆ, ಜೊತೆಗೆ ಒಂದು ಸೌಟು ಬಸ್ಸಾರು. ಒಂದು ಕಿಲೊ ಕೊಬ್ಬು ಕರಗಲು ಇಪ್ಪತ್ತೊಂದು ಬಾರಿ ಹತ್ತಬೇಕು, ಹತ್ತಿದ್ದಕ್ಕೆಂದು ಹೆಚ್ಚಾಗಿ ಏನನ್ನೂ ತಿನ್ನಕೂಡದು.

ಈ ಲೆಕ್ಕವನ್ನು ನಾನು ಇಳಿಯುವ ದಾರಿಯಲ್ಲಿ ಆ ಇಬ್ಬರಿಗೂ ಹೇಳಿದೆ. ಅವರು ಬಹಳ ಗಂಭೀರವಾಗಿ ಕೇಳಿಕೊಂಡರು. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಹುರಿದ ಕಡಲೆಕಾಯಿ ಮಾರುತ್ತಿದ್ದರು. ಕಡಲೆಕಾಯಿ ಬೀಜಕ್ಕೆ ನೂರು ಗ್ರಾಮಿಗೆ 567. 65 ಗ್ರಾಂ ತಿಂದರೆ ಇಡೀ ಬೆಟ್ಟ ವಾಪಸು ಬಂದಂತೆ. ಮೂವರೂ ಒಂದೊಂದು ಪೊಟ್ಟಣ ಕೊಂಡೆವು. ನನ್ನದು ದೇವನಹಳ್ಳಿ ಬರುವುದರೊಳಗೆ ಮುಗಿದಿತ್ತು.